ಮೇಯರ್ ಗೌನಿನ ಅಳತೆ

ಮೇಯರ್ ಗೌನಿಗೆ ಕತ್ತರಿ ತಾಗಿಸುವಂತಿಲ್ಲ. ಹೀಗೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೆ ಬರೆದ ಕಾನೂನಿಗಿಂತ ಗಟ್ಟಿಯಾಗಿ ನಡೆದುಬಂದಿದೆ. ದಟ್ಟ ಕೆಂಪು ಉಣ್ಣೆಯ ಬಟ್ಟೆ, ಅಂಚಿಗೆ ಬಂಗಾರದ ಬಣ್ಣದ ಪಟ್ಟಿ, ಎತ್ತಿಕೊಂಡರೆ ನಿದ್ದೆ ಹೋದ ಮಗುವಿನಷ್ಟು ಭಾರ. ಕುಳ್ಳಗಿರುವವರು ಮೇಯರ್ ಆದರೆ ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿಯಬೇಕು, ಎತ್ತರದವರು ಆದರೆ ಮಡಿಕೆ ಬಿಚ್ಚಬೇಕು. ಎಷ್ಟೋ ಮೇಯರುಗಳು ಬಂದರು, ಹೋದರು. ಗೌನು ಮಾತ್ರ ಒಂದೇ. ಅದನ್ನು ಮಡಿಚುವ, ಬಿಚ್ಚುವ ಕೆಲಸ ರೈಲು ಹಳಿಯಾಚೆಯ ದರ್ಜಿ ಬೀದಿಯ ಒಂದೇ ಅಂಗಡಿಯದು. ಅಪ್ಪನ ಕಾಲಕ್ಕೆ ಅಪ್ಪ ಮಾಡಿದ, ಈಗ ಮಗ ಮಾಡುತ್ತಾನೆ. ಆ ಮಗನಿಗೂ ಈಗ ತಲೆ ನರೆತಿದೆ. ಊರಿಗೆಲ್ಲ ಅವನು ಮಾಸ್ಟರ್.

ಕೆಲಸ ಕಷ್ಟದ್ದಲ್ಲ, ಹೊತ್ತು ಕಷ್ಟದ್ದು. ಬೆಳಿಗ್ಗೆ ಪಾಲಿಕೆಯ ಸದಸ್ಯರು ಸಭೆ ಸೇರಿ, ಕೈ ಎತ್ತಿ ಮೇಯರನ್ನು ಆರಿಸುತ್ತಾರೆ. ಗೋಪುರದ ಗಡಿಯಾರ ಹನ್ನೆರಡು ಹೊಡೆಯುವಾಗ ಹೊಸ ಮೇಯರ್ ಗೌನು ತೊಟ್ಟು ಮಹಡಿಯ ಬಾಲ್ಕನಿಯಲ್ಲಿ ನಿಂತಿರಬೇಕು, ಕೆಳಗೆ ಚೌಕದಲ್ಲಿ ಸೇರಿದ ಜನ ಕಣ್ತುಂಬ ನೋಡಬೇಕು. ನಡುವೆ ಸಿಗುವ ಸಮಯ ಒಂದು ಲೋಟ ಚಹಾ ಆರುವಷ್ಟು ಎಂದು ಮಾಸ್ಟರನ ಗೊಣಗಾಟ. ಅವನ ಅಪ್ಪ ಅದಕ್ಕೊಂದು ಕ್ರಮ ಹಾಕಿಕೊಂಡಿದ್ದ. ನಿಂತವರೆಲ್ಲರ ಅಳತೆಯನ್ನೂ ಮುಂಚೆಯೇ ತೆಗೆದುಕೊಳ್ಳುವುದು. ಕೊನೆಯ ಕೈ ಇಳಿಯುವವರೆಗೆ ಸೂಜಿಗೆ ದಾರ ಪೋಣಿಸದಿರುವುದು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋನು ದರ್ಜಿ ಅಲ್ಲ, ಜೂಜುಕೋರ" ಎನ್ನುತ್ತಿದ್ದ ಆ ಹಿರಿಯ.

ಮಗನಿಗೆ ಕ್ರಮ ಗೊತ್ತಿತ್ತು, ಆದರೆ ಬೆರಳು ಮಾತು ಕೇಳುತ್ತಿರಲಿಲ್ಲ. ಹತ್ತಿರದ್ದನ್ನು ನೋಡುವಾಗ ಕಣ್ಣಿಗೂ ಮಂಜು. ಕಳೆದ ಚುನಾವಣೆಯಲ್ಲಿ ಗೆಲ್ಲುವವರು ಯಾರೆಂದು ಊರಿಗೆ ಊರೇ ಹೇಳುತ್ತಿತ್ತಲ್ಲ, ಹಿಂದಿನ ದಿನವೇ ಹೊಲಿದಿಟ್ಟ. ಯಾರಿಗೂ ಗೊತ್ತಾಗಲಿಲ್ಲ. ಈ ಸಲವೂ ಹಾಗೆಯೇ ಮಾಡಿದ. ತೊಂದರೆ ಏನೆಂದರೆ, ಈ ಸಲ ನಿಂತ ಇಬ್ಬರಲ್ಲಿ ಒಬ್ಬಳು ಅವನ ಹೆಂಡತಿ.

ಆಕೆಯನ್ನು ಊರು ಕರೆಯುವುದು ಸೂಜಿಯಕ್ಕ ಎಂದು. ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಮೂಲೆಯಲ್ಲಿ ಗುಂಡಿ ಕಟ್ಟಲು ಕೂತವಳು, ಮೂವತ್ತು ವರ್ಷ ಬೆನ್ನು ಎತ್ತಲಿಲ್ಲ. ಮಾಸ್ಟರ್ ಗಿರಾಕಿಯ ಮೈಮೇಲೆ ಬಟ್ಟೆ ಇಳಿಬಿಟ್ಟು ನೋಡುತ್ತಿದ್ದರೆ ಅವಳು ಕೆಳಗೆ ಮಂಡಿಯೂರಿ ಅಂಚಿಗೆ ಗುಂಡುಪಿನ್ನು ಚುಚ್ಚುತ್ತ ಸುತ್ತು ಬರುತ್ತಿದ್ದಳು. ಪಿನ್ನುಗಳೆಲ್ಲ ತುಟಿಗಳ ನಡುವೆ. ಎರಡೂ ಕೈ ಚಾಚಿ ಅಲ್ಲಾಡದೆ ನಿಂತ ಮನುಷ್ಯ ಇನ್ನೇನು ಮಾಡಿಯಾನು, ಮಾತಾಡುತ್ತಾನೆ. ಎದುರಿಗಿರುವವಳು ಬಾಯಿ ಬಿಡುವಂತಿಲ್ಲ ಎಂದು ಕಂಡರಂತೂ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುತ್ತಾನೆ. ಮಗನ ಮದುವೆಗೆ ಕೋಟು ಹೊಲಿಸಲು ಬಂದವರು ಮಗನನ್ನೇ ಬೈದರು. ದೊಡ್ಡ ಕುರ್ಚಿಯವರು ತಮ್ಮ ಕುರ್ಚಿಯ ಭಯ ಹೇಳಿಕೊಂಡರು.

"ಊರಿನ ಅರ್ಧ ಗುಟ್ಟು ನಿನ್ನ ಹೊಟ್ಟೇಲಿದೆ ಕಣೇ" ಎಂದು ಮಾಸ್ಟರ್ ಕೆಣಕುತ್ತಿದ್ದ.

"ಇನ್ನರ್ಧ ಹೇಳೋವಾಗ ನೀವು ಮಧ್ಯ ಬಾಯಿ ಹಾಕಿದ್ರಿ, ಕೇಳಿಸ್ಲಿಲ್ಲ" ಎನ್ನುತ್ತಿದ್ದಳು ಅವಳು, ಪಿನ್ನು ಖಾಲಿಯಾದ ಮೇಲೆ.

ಆ ಬೀದಿಯವರು ಪೇಟೆಗೆ ಬರಬೇಕಾದರೆ ಹಳಿ ದಾಟಬೇಕಿತ್ತು. ಒಂದು ಮಂಜಿನ ಬೆಳಿಗ್ಗೆ, ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹಾಕುತ್ತಿದ್ದ ಹುಡುಗಿ ಹಳಿ ದಾಟುವಾಗ ರೈಲಿಗೆ ಸಿಕ್ಕಿ ತೀರಿಹೋದಳು. ಅವಳ ಕತ್ತರಿ, ಅರ್ಧ ಹಾಕಿದ ಕಾಜಾ ಮೇಜಿನ ಮೇಲೆ ಹಾಗೆಯೇ ಇತ್ತು. ಮಾರನೆಯ ಬೆಳಿಗ್ಗೆ ಸೂಜಿಯಕ್ಕ ಕೋಟಿನ ಒಳಪದರಕ್ಕೆಂದು ತಂದಿದ್ದ ಕೆಂಪು ಬಟ್ಟೆಯ ತುಂಡೊಂದನ್ನು ಹಿಡಿದು ಹಳಿಯ ಪಕ್ಕ ಹೋಗಿ ನಿಂತಳು. ರೈಲು ಬರುವ ಹೊತ್ತಿಗೆ ಬಟ್ಟೆಯನ್ನು ಜನರಿಗೆ ಅಡ್ಡ ಹಿಡಿಯುವಳು, ರೈಲು ದಾಟಿದ ಮೇಲೆ ಬಿಡುವಳು. ದಿನಾ ಬೆಳಿಗ್ಗೆ, ದಿನಾ ಸಂಜೆ. ಮಳೆಯಲ್ಲೂ ನಿಂತಳು, ಜ್ವರದಲ್ಲೂ ನಿಂತಳು. ಅಧಿಕಾರಿಗಳು ಬಂದು "ಮನೆಗೆ ಹೋಗಮ್ಮ" ಎಂದರೆ "ಸೇತುವೆ ಬರ್ಲಿ, ಹೋಗ್ತೀನಿ" ಎಂದಳು. ಮೂಗಿನ ಮೇಲೆ ಬೆರಳಿಟ್ಟವರು, ನಕ್ಕವರು, ಕೊನೆಗೆ ಅವಳಿಗೆ ಕೊಡೆ ಹಿಡಿದವರು, ಎಲ್ಲರೂ ಆದರು. ಸೇತುವೆ ಬಂತು. ಅವಳು ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಯಾರದೋ ಕೋಟಿಗೆ ಹಾಕಿದಳು.

ಮುಂದಿನ ಚುನಾವಣೆಯಲ್ಲಿ ಬೀದಿಯವರೇ ಅವಳನ್ನು ವಾರ್ಡಿಗೆ ನಿಲ್ಲಿಸಿ ಗೆಲ್ಲಿಸಿದರು. ಪಾಲಿಕೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಬೇರೆಯವರು ಜಗಳಾಡುವಾಗ ತಾನು ತಲೆ ತಗ್ಗಿಸಿ ಯಾರದೋ ಅಂಗಿಯ ಅಂಚು ಹೊಲಿಯುತ್ತ ಕೇಳುತ್ತಿದ್ದಳು. ಮಾತಾಡಬೇಕೆನಿಸಿದರೆ ಸೂಜಿಯನ್ನು ಬಟ್ಟೆಯಿಂದ ತೆಗೆದು ತನ್ನ ಕಾಲರಿಗೆ ಚುಚ್ಚಿಕೊಳ್ಳುವಳು. ಸೂಜಿ ಕಾಲರಿಗೆ ಹೋಯಿತು ಎಂದರೆ ಮುಂದಿನ ಬೆಂಚುಗಳೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದವಂತೆ. ಇದನ್ನೆಲ್ಲ ಮಾಸ್ಟರ್ ಬೇರೆಯವರ ಬಾಯಿಂದ ಕೇಳಿದ್ದಷ್ಟೇ. ಮನೆಯಲ್ಲಿ ಅವಳು ಅದೇ ಹೆಂಡತಿ, ಅದೇ ಮೂಲೆ, ಅದೇ ಬಾಗಿದ ಬೆನ್ನು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮೇಯರ್ ಆಗುವವನು ಪೈಲ್ವಾನ ಎಂದು ಎಲ್ಲರಿಗೂ ಗೊತ್ತಿತ್ತು. ವಯಸ್ಸಿನಲ್ಲಿ ಕುಸ್ತಿ ಆಡಿದ್ದ ಆಳು, ಆನೆಯಂಥ ಮೈ, ಮಗುವಿನಂಥ ನಗು. ಅರ್ಧಕ್ಕಿಂತ ಹೆಚ್ಚು ಸದಸ್ಯರು ಅವನ ಕಡೆ. ಉಳಿದವರು ತಮ್ಮತಮ್ಮಲ್ಲೇ ಕಿತ್ತಾಡಿ, ಯಾರ ಹೆಸರೂ ಒಪ್ಪಿಗೆಯಾಗದೆ, ಲೆಕ್ಕಕ್ಕೊಂದು ಇರಲಿ ಎಂದು ಸೂಜಿಯಕ್ಕನನ್ನು ನಿಲ್ಲಿಸಿದ್ದರು.

ಪೈಲ್ವಾನ ಅಳತೆ ಕೊಡಲು ಅಂಗಡಿಗೆ ಬಂದಾಗ ಬಾಗಿಲು ಕತ್ತಲಾಯಿತು. ಕಂಕುಳಿಗೆ ಟೇಪು ತಾಗಿದರೆ ಕಚಗುಳಿಯಾಗಿ ಕುಣಿಯುತ್ತಿದ್ದ. "ಮಾಸ್ಟ್ರೇ, ಅಕ್ಕ ಗೆದ್ರೆ ಏನ್ ಮಾಡ್ತೀರಿ? ಆ ಗೌನಲ್ಲಿ ಅಕ್ಕನ್ನ ಹುಡುಕೋಕೆ ಇಬ್ರು ಬೇಕು!" ಎಂದು ಅಂಗಡಿ ನಡುಗುವಂತೆ ನಕ್ಕ. ಸೂಜಿಯಕ್ಕನೂ ನಕ್ಕಳು. ಅವನು ಹೋದ ಮೇಲೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕೇಳಿದಳು:

"ರೀ, ನನ್ನ ಅಳತೆ?"

"ನಿನ್ನ ಅಳತೆ ನಂಗೆ ಗೊತ್ತಿಲ್ವೇನೇ? ಇಷ್ಟು ವರ್ಷದಿಂದ ನೋಡ್ತಿಲ್ವಾ?"

ನಿಜ ಹೇಳಬೇಕೆಂದರೆ, ಊರಿಗೆಲ್ಲ ಟೇಪು ಸುತ್ತಿದ ಆ ಕೈ ಹೆಂಡತಿಗೆ ಒಂದು ಸಲವೂ ಸುತ್ತಿರಲಿಲ್ಲ. ಅವಳ ಬಟ್ಟೆಯನ್ನು ಅವಳೇ ಹೊಲಿದುಕೊಳ್ಳುತ್ತಿದ್ದಳು. ಅವಳು ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಅಂಚು ಹೊಲಿಯತೊಡಗಿದಳು.

ಚುನಾವಣೆಯ ಹಿಂದಿನ ದಿನ ಅವಳು ಸದಸ್ಯರನ್ನು ಕಾಣಲು ಹೊರಗೆ ಹೋದಾಗ ಮಾಸ್ಟರ್ ಗೌನನ್ನು ಮೇಜಿನ ಮೇಲೆ ಹರಡಿದ. ಎಲ್ಲ ಮಡಿಕೆಗಳನ್ನೂ ಬಿಚ್ಚಿ, ಪೈಲ್ವಾನನ ಮೈಗೆ ಆಗುವಂತೆ ಪೂರ್ತಿ ಬಿಟ್ಟ. ಆ ಹೆಗಲಿಗೆ ಕೈಹೊಲಿಗೆ ತಡೆಯಲಾರದೆಂದು ಮೆಷಿನ್ನಿಗೆ ಕೊಟ್ಟು, ಎರಡೆರಡು ಸಲ ಗಟ್ಟಿಯಾಗಿ ಹೊಡೆದ. ಮನಸ್ಸಿನಲ್ಲಿ ಕೇಡಿರಲಿಲ್ಲ. ಅವಳು ಸೋತು ಬಂದಾಗ ಏನು ಸಮಾಧಾನ ಹೇಳಬೇಕೆಂದು ಯೋಚಿಸುತ್ತಲೇ ಹೊಲಿದ, ಪಾಪ.

ಬೆಳಿಗ್ಗೆ ಹೊರಡುವಾಗ ಅವಳು ಕೇಳಿದಳು, "ಗೌನು?"

"ತಯಾರಿದೆ."

"ಯಾರಿಗೆ?"

"ಇಬ್ರಿಗೂ" ಎಂದ ಮಾಸ್ಟರ್. ಗೌನಿನ ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವಳಿಗಿಂತ ಮುಂದೆ ನಡೆದ. ಅವಳು ಗೆದ್ದರೆ ಆ ಗಂಟು ಬಿಚ್ಚಬೇಕು, ಬಿಚ್ಚಿದರೆ ತನ್ನ ಸುಳ್ಳಿನ ಜೊತೆಗೆ ತನ್ನ ಅಪನಂಬಿಕೆಯೂ ಅವಳ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ ಎಂದು ಸೇತುವೆಯ ಮೆಟ್ಟಿಲು ಹತ್ತುವಾಗ ಒಮ್ಮೆ ಹೊಳೆಯಿತು. ಗೆದ್ದರೆ ತಾನೆ ಎಂದುಕೊಂಡ.

ಗೌನನ್ನು ಬಾಲ್ಕನಿಯ ಪಕ್ಕದ ಕೋಣೆಯಲ್ಲಿಟ್ಟು ಮಾಸ್ಟರ್ ಸಭಾಂಗಣದ ಮೇಲಂತಸ್ತಿನಲ್ಲಿ ಪ್ರೇಕ್ಷಕರ ಬೆಂಚಿಗೆ ಹೋಗಿ ಕೂತ. ಇಷ್ಟು ವರ್ಷ ಆ ಕಟ್ಟಡಕ್ಕೆ ಬಂದಿದ್ದರೂ ಸಭೆ ನೋಡಿದವನಲ್ಲ. ಎತ್ತರದ ಚಾವಣಿ, ಹೊಳೆಯುವ ಮರದ ಬೆಂಚುಗಳು, ಗೋಡೆಯ ತುಂಬ ಹಳೆಯ ಮೇಯರುಗಳ ಚಿತ್ರಗಳು. ಎಲ್ಲರ ಮೈಮೇಲೂ ಅದೇ ಗೌನು. ಅವನಿಗೆ ಮುಖಗಳಿಗಿಂತ ಮಡಿಕೆಗಳೇ ಪರಿಚಿತವಾಗಿ ಕಂಡವು. ಇದು ಅಪ್ಪನ ಕೈ, ಇದು ನನ್ನದು.

ಪೈಲ್ವಾನ ಮೊದಲು ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಸ್ವಲ್ಪ ಜಾಸ್ತಿಯೇ ಮಾತಾಡಿದ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಬೆಂಚಿನಲ್ಲಿ ಸೂಜಿಯಕ್ಕ ಕೈಯಲ್ಲಿದ್ದ ಬಟ್ಟೆಯಿಂದ ಸೂಜಿ ತೆಗೆದಳು. ಕಾಲರಿಗೆ ಚುಚ್ಚಿಕೊಂಡಳು. ಮಾಸ್ಟರ್ ತನ್ನ ಕಿವಿಯಿಂದಲೇ ಕೇಳಿದ: ಅಷ್ಟು ದೊಡ್ಡ ಸಭೆ ನಿಶ್ಶಬ್ದವಾಯಿತು. ಬಾಗಿಲ ಬಳಿ ನಿಂತ ದಫೇದಾರ ಕೆಮ್ಮನ್ನು ನುಂಗಿಕೊಂಡ.

"ನಾನು ಭಾಷಣ ಮಾಡೋಳಲ್ಲ" ಎಂದಳು ಅವಳು. "ನೀವೆಲ್ಲ ನಮ್ಮ ಅಂಗಡಿಗೆ ಬಂದೋರೇ. ಕೈ ಚಾಚಿ ನಿಂತು ನನ್ನ ಹತ್ರ ಮಾತಾಡಿದೋರೇ. ಇಲ್ಲಿ ಈ ಸಭೇಲಿ ಹೇಳೋಕೆ ನಾಚಿಕೆಪಟ್ಟಿದ್ದನ್ನ ಅಲ್ಲಿ ಹೇಳಿದ್ರಿ. ಒಬ್ರು ಹೇಳಿದ್ರು, ನಮ್ಮ ವಾರ್ಡಿನ ಹೆರಿಗೆ ಆಸ್ಪತ್ರೇಲಿ ದೀಪ ಇಲ್ಲ, ಕೇಳೋಕೆ ಹೋದ್ರೆ ನಮ್ಮ ಪಕ್ಷದೋರೇ ಬೈತಾರೆ ಅಂತ. ಒಬ್ರು ಹೇಳಿದ್ರು, ನಮ್ಮ ಕಡೆ ನೀರಲ್ಲಿ ಹುಳ ಬರುತ್ತೆ, ನಾನೇ ಆ ನೀರು ಕುಡಿಯಲ್ಲ, ಜನಕ್ಕೆ ಮಾತ್ರ ಕುಡೀರಿ ಅಂತೀನಿ ಅಂತ. ಹೇಳ್ತಾ ಅತ್ತೋರೂ ಇದಾರೆ."

ಬೆಂಚುಗಳಲ್ಲಿ ಕೆಲವರ ತಲೆ ಕೆಳಗಾಯಿತು. ಇನ್ನು ಕೆಲವರು ಜೀವ ಬಾಯಿಗೆ ಬಂದವರಂತೆ ಅವಳನ್ನೇ ನೋಡುತ್ತಿದ್ದರು. ಇನ್ನೇನು ತಮ್ಮ ಮಾನ ಹರಾಜು ಎಂದುಕೊಂಡಿರಬೇಕು.

"ಯಾರು ಹೇಳಿದ್ದು ಅಂತ ಹೇಳಲ್ಲ" ಎಂದಳು ಸೂಜಿಯಕ್ಕ. "ಇವತ್ತೂ ಹೇಳಲ್ಲ, ಯಾವತ್ತೂ ಹೇಳಲ್ಲ. ನನ್ನ ಬಾಯಲ್ಲಿ ಪಿನ್ನಿತ್ತು. ಆದ್ರೆ ಕಿವೀಲಿ ಏನೂ ಇರ್ಲಿಲ್ಲ. ಎಲ್ಲಾ ಕೇಳಿಸ್ಕೊಂಡಿದೀನಿ, ಒಂದೂ ಮರೆತಿಲ್ಲ. ಹೇಳಿದ್ದನ್ನ ಮಾಡ್ತೀನಿ. ಅಷ್ಟೇ."

ಕೂತಳು. ಚಪ್ಪಾಳೆ ಬೀಳಲಿಲ್ಲ. ಚಪ್ಪಾಳೆಗಿಂತ ದೊಡ್ಡದೇನೋ ಆ ಚಾವಣಿಯ ಕೆಳಗೆ ನಿಂತುಬಿಟ್ಟಿತ್ತು. ಆ ಗಿರಾಕಿಗಳೆಲ್ಲ ಮಾತಾಡುವಾಗ ಮಾಸ್ಟರನೂ ಅಲ್ಲೇ ಇದ್ದ, ಒಂದು ಮಾರು ದೂರದಲ್ಲಿ. ಅವನಿಗೆ ನೆನಪಿದ್ದುದು ಅವರ ಎದೆ, ಸೊಂಟ, ತೋಳು ಮಾತ್ರ.

ಕಾರ್ಯದರ್ಶಿ ಎದ್ದು, ಪೈಲ್ವಾನರ ಪರವಾಗಿರುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಬಹಳ ಎದ್ದವು. ಆದರೆ ಎಲ್ಲೋ ಬಿಡುವಿತ್ತು. ಎದ್ದೇ ಏಳುತ್ತವೆ ಎಂದುಕೊಂಡಿದ್ದ ಕೆಲವು ಕೈ ಬೆಂಚಿನ ಮೇಲೆಯೇ ಉಳಿದಿದ್ದವು. ಆಮೇಲೆ ಸೂಜಿಯಕ್ಕನ ಪರವಾಗಿ ಎಂದರು.

ಮೇಲಿನಿಂದ ಮಾಸ್ಟರನಿಗೆ ಮುಖಗಳು ಕಾಣುತ್ತಿರಲಿಲ್ಲ, ತೋಳುಗಳು ಕಾಣುತ್ತಿದ್ದವು. ಆ ತೋಳುಗಳಲ್ಲಿ ಬಹುಪಾಲು ಅವನ ಅಂಗಡಿಯಲ್ಲೇ ಹೊಲಿದವು. ಅವಳನ್ನು ನಿಲ್ಲಿಸಿದ್ದ ಸದಸ್ಯರ ತೋಳುಗಳು ಎದ್ದವು. ಮೂಲೆಯಿಂದ, ಕಫ್ಫು ಸವೆದು ತಿರುಗಿಸಿ ಹೊಲಿಸಿಕೊಂಡಿದ್ದ ಒಂದು ಮುದಿ ತೋಳು ನಡುಗುತ್ತ ಎದ್ದಿತು. ಅಷ್ಟರಲ್ಲಿ ಪೈಲ್ವಾನನ ಸಾಲಿನಿಂದಲೇ ಒಂದು ಬೂದು ತೋಳು. ಆ ಗುಂಡಿ ಸೂಜಿಯಕ್ಕ ಕಟ್ಟಿದ್ದು. ಅದರ ಹಿಂದೆ ನೀಲಿ ತೋಳು. ಆಮೇಲೆ ಅದರ ಪಕ್ಕದ್ದು. ಅವು ಮೆಲ್ಲಗೆ, ಕದ್ದು ಎನ್ನುವ ಹಾಗೆ ಎದ್ದು, ಒಮ್ಮೆ ಎದ್ದ ಮೇಲೆ ನೆಟ್ಟಗೆ ನಿಂತವು. ಮಾಸ್ಟರ್ ಅಂಥದ್ದನ್ನು ಎಂದೂ ನೋಡಿರಲಿಲ್ಲ. ತನ್ನ ಕೈಯಿಂದ ಹೋದ ಬಟ್ಟೆಗಳೆಲ್ಲ ಜೀವ ಬಂದು ಎದ್ದು ನಿಂತಂತೆ ಕಂಡಿತು. ಅವನ ಕಣ್ಣಲ್ಲಿ ನೀರಿತ್ತು, ಅದು ಮಂಜಿನದಲ್ಲ.

ಕಾರ್ಯದರ್ಶಿ ಎಣಿಸಿದರು. ನಂಬದೆ ಇನ್ನೊಮ್ಮೆ ಎಣಿಸಿದರು. "ಎರಡು ಮತ ಹೆಚ್ಚು" ಎಂದರು, ಯಾರಿಗೆ ಎಂದು ಹೇಳುವಷ್ಟರಲ್ಲಿ ಅವರ ಮಾತು ಗದ್ದಲದಲ್ಲಿ ಮುಳುಗಿತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದ ಪೈಲ್ವಾನ ಎದ್ದು, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಅಷ್ಟು ದೊಡ್ಡ ಮೈಯನ್ನು ಬಗ್ಗಿಸಿ ಸೂಜಿಯಕ್ಕನಿಗೆ ಕೈ ಮುಗಿದ.

ಮಾಸ್ಟರ್ ಕುಣಿಯಬೇಕಿತ್ತು. ಎದ್ದೂ ನಿಂತ. ಆಗ ಗೌನು ನೆನಪಾಯಿತು.

ಮೆಟ್ಟಿಲುಗಳನ್ನು ಬೀಳದೆ ಹೇಗೆ ಇಳಿದನೋ. ಕೋಣೆಗೆ ನುಗ್ಗಿ, ಗಂಟು ಬಿಚ್ಚಿ, ಹೆಗಲಿನ ಹೊಲಿಗೆಗೆ ಸೂಜಿ ಹಾಕಿದ. ಹೊಲಿಗೆ ಅಲುಗಲಿಲ್ಲ. ನಿನ್ನೆ ಎಷ್ಟು ಗಟ್ಟಿಯಾಗಿ ಹೊಡೆದಿದ್ದನೋ ಇವತ್ತು ಅಷ್ಟೇ ಗಟ್ಟಿಯಾಗಿ ಅದು ಅವನಿಗೆ ತಿರುಗಿ ನಿಂತಿತ್ತು. ಬೆರಳು ಬೆವೆತು ಜಾರುತ್ತಿತ್ತು. ಬಾಗಿಲು ತೆರೆದ ಸದ್ದಾಯಿತು. "ಸ್ವಲ್ಪ ಬೇಗ ಆಗ್ಲಿ ಮಾಸ್ಟ್ರೇ, ಚೌಕ ತುಂಬಿ ಹೋಗಿದೆ" ಎಂದು ದಫೇದಾರ ಹೇಳಿ, ಅವಳನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡ.

ಸೂಜಿಯಕ್ಕ ಮೇಜಿನ ಬಳಿ ಬಂದಳು. ಗೌನಿನ ಹೆಗಲನ್ನು ತಿರುಗಿಸಿ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ.

"ಮೆಷಿನ್ ಹೊಲಿಗೆ" ಎಂದಳು.

"ಹೂಂ."

"ಯಾವಾಗ ಹೊಲಿದ್ರಿ?"

"ನಿನ್ನೆ."

"ನಾನು ಗೆಲ್ತೀನಿ ಅಂತ ನಿಮಗೆ ಒಂದು ಚೂರೂ ಅನ್ನಿಸ್ಲಿಲ್ವಾ?"

ಬೆಳಿಗ್ಗೆ ಸುಳ್ಳು ಹೇಳಿದ ಬಾಯಿಗೆ ಈಗ ಇನ್ನೊಂದು ಸುಳ್ಳಿನ ಧೈರ್ಯವಿರಲಿಲ್ಲ. "ಇಲ್ಲ ಕಣೇ" ಎಂದ. "ಅನ್ನಿಸ್ಲಿಲ್ಲ."

ಅವಳು ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು. "ನಂಗೂ ಅನ್ನಿಸಿರ್ಲಿಲ್ಲ" ಎಂದಳು. "ನಿಮಗೆ ಅನ್ನಿಸಿರುತ್ತೆ ಅಂದ್ಕೊಂಡಿದ್ದೆ. ಇಬ್ರಿಗೂ ತಯಾರಿದೆ ಅಂದ್ರಲ್ಲ. ಆ ಒಂದು ಮಾತಿನ ಧೈರ್ಯದ ಮೇಲೆ ಎದ್ದು ನಿಂತೆ."

ಮಾಸ್ಟರನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಮೇಜಿನ ಕೆಳಗಿನಿಂದ ಸ್ಟೂಲು ಎಳೆದುಕೊಂಡಳು. ಕಾಲರಿನಿಂದ ಸೂಜಿ ತೆಗೆದಳು. ಊರಿನ ಮೇಯರ್, ತನ್ನ ಎಂದಿನ ಬಾಗಿದ ಬೆನ್ನಿನಲ್ಲಿ ಕೂತು, ಎಡ ಹೆಗಲಿನ ಹೊಲಿಗೆ ಬಿಚ್ಚತೊಡಗಿದಳು.

"ನೋಡ್ತಾ ನಿಂತ್ರೆ ಆಗಲ್ಲ. ಆ ಕಡೆದು ನೀವು ಬಿಚ್ಚಿ."

ಮೂವತ್ತು ವರ್ಷ ಹೇಗೆ ಕೂತಿದ್ದರೋ ಹಾಗೆಯೇ ಕೂತರು. ದಾರ ಹಲ್ಲಿಗೆ ಸಿಕ್ಕಿ ಪಟ್ಟೆಂದು ಕಡಿಯುವ ಸದ್ದು, ಹೊರಗೆ ಚೌಕದ ಮೊರೆತ. ಹೆಗಲು ಬಿಚ್ಚಿ, ಮಡಿಚಿ, ಕೈಯಲ್ಲೇ ಉದ್ದುದ್ದ ಟಾಕು ಹಾಕಿದ್ದಾಯಿತು. ಅವಳು ಗೌನು ತೊಟ್ಟಳು. ಮಾಸ್ಟರ್ ಗುಂಡುಪಿನ್ನುಗಳನ್ನು ಬಾಯಿಗೆ ತುಂಬಿಕೊಂಡು ಮಂಡಿಯೂರಿದ. ತನಗೆ ಗೊತ್ತಿದ್ದ ಅಳತೆಗೆ ಅಂಚು ಮಡಿಚಿ, ಸುತ್ತಲೂ ಪಿನ್ನು ಚುಚ್ಚಿದ.

ಆಗ ಅವಳು ಬೆನ್ನು ನೆಟ್ಟಗೆ ಮಾಡಿದಳು.

ಅಂಚು ನೆಲ ಬಿಟ್ಟು ಮೇಲೆದ್ದಿತು. ಪಾದವಷ್ಟೂ ಕಂಡಿತು. ಮಾಸ್ಟರ್ ತಬ್ಬಿಬ್ಬಾಗಿ ಅಂಚನ್ನು ನೋಡಿದ, ಅವಳನ್ನು ನೋಡಿದ.

"ಟೇಪು ತಗೊಂಡು ಅಳೀರಿ" ಎಂದಳು.

ಮೊದಲ ಸಲ ಅಳೆದ. ಕುತ್ತಿಗೆಯ ಬುಡದಿಂದ ಟೇಪು ಇಳಿಬಿಟ್ಟ. ಅಂದುಕೊಂಡಿದ್ದಕ್ಕಿಂತ ನಾಲ್ಕು ಬೆರಳು ಹೆಚ್ಚು. ಹೆಗಲಿಗೆ ಹಿಡಿದ, ಅಲ್ಲೂ ಹೆಚ್ಚು. ಬಾಗಿ ಕೂತವಳನ್ನು ಇಷ್ಟು ವರ್ಷ ನೋಡಿ, ಅದೇ ಅವಳ ಎತ್ತರ ಎಂದು ನಂಬಿಬಿಟ್ಟಿದ್ದ ದರ್ಜಿ! ಪಿನ್ನು ಕಿತ್ತು, ಮಡಿಕೆ ಇಳಿಸಿ, ಮತ್ತೆ ಚುಚ್ಚುತ್ತ ಅವಳ ಸುತ್ತ ಮಂಡಿಯಲ್ಲೇ ಸುತ್ತಿಬಂದ. ಬಂಗಾರದ ಅಂಚು ನೆಲವನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತು. ಕೆಳಗಿನಿಂದ ತಲೆ ಎತ್ತಿದ. ಮುಖ ಅದೇ, ಮೂಗಿನ ಮೇಲಿನ ಕನ್ನಡಕದ ಗುರುತೂ ಅದೇ. ಆದರೆ ಅಷ್ಟು ಎತ್ತರದ ಹೆಂಗಸನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಅವಳು ಕೆಳಗೆ ಬಗ್ಗಿ ಅವನನ್ನು ನೋಡಿ ಕೇಳಿದಳು, "ಈಗ? ಈಗ ಅನ್ನಿಸ್ತಿದ್ಯಾ?"

ಮಾಸ್ಟರನ ಬಾಯಿ ತುಂಬ ಉಳಿದ ಪಿನ್ನು. ಮಂಡಿಯೂರಿದಲ್ಲಿಂದಲೇ, ಟೇಪು ಜೋಲುತ್ತಿದ್ದ ಬಲಗೈಯನ್ನು ಆದಷ್ಟು ಎತ್ತರಕ್ಕೆ ಎತ್ತಿದ.

ಸೂಜಿಯಕ್ಕ ಆ ಕೈಯನ್ನು ಒಂದು ಗಳಿಗೆ ನೋಡಿದಳು. "ಸರಿ, ಎಣಿಸ್ಕೊಂಡೆ" ಎಂದಳು.

ಗೋಪುರದ ಗಡಿಯಾರ ಹೊಡೆಯಲು ಶುರುವಾಯಿತು. ದಫೇದಾರ ಬಾಲ್ಕನಿಯ ಬಾಗಿಲು ತೆರೆದ, ಅವಳು ನೆಟ್ಟಗೆ ನಡೆದು ಹೊರಗೆ ಹೋದಳು. ಚೌಕದ ಕೂಗು ಕೋಣೆಯೊಳಕ್ಕೆ ನುಗ್ಗಿ ಬಂತು. ಮಾಸ್ಟರ್ ಕೈ ಇಳಿಸುವುದನ್ನು ಮರೆತು ಹಾಗೆಯೇ ಕೂತಿದ್ದ.